ಸೈಕ್ಲೋನ್ ಬರೋ ಮುಂಚಿನ ದ್ರಾಕ್ಷಿ ತೋಟ

ದೊಡ್ಡನೆಕ್ಕುಂದಿಯಲ್ಲಿ ನಾನು ಬಾಡಿಗೆಗಿರೋ ಮನೆಯ ಮಾಲೀಕರಿಗೆ ಎಪ್ಪತ್ತು ದಾಟಿದೆ. ಬಾಡಿಗೆ ಆನ್‌ಲೈನ್‌ನಲ್ಲೇ ಹೋಗುತ್ತೆ, ಆದರೂ ತಿಂಗಳಿಗೊಮ್ಮೆ ಬಂದು ಮೆಟ್ಟಿಲ ಮೇಲೆ ಕೂತು ಮಾತಾಡ್ತಾರೆ. ಕೆರೆಯ ಈ ಕಡೆಗೆಲ್ಲ ರಾಗಿ ಹೊಲ ಇತ್ತಂತೆ. ನಮ್ಮ ಬಿಲ್ಡಿಂಗ್ ಎದ್ದಿರೋ ಜಾಗದಲ್ಲಿ ಅವರಪ್ಪ ಹಾಕಿಸಿದ್ದ ಅರ್ಧ ಎಕರೆ ದ್ರಾಕ್ಷಿ ಚಪ್ಪರ. ಆ ಚಪ್ಪರದ ಎರಡು ಕಲ್ಲುಕಂಬ ಈಗಲೂ ಗೇಟಿನ ಪಕ್ಕ ನಿಂತಿವೆ. ಒಂದಕ್ಕೆ ಸಿಸಿಟಿವಿ ಕ್ಯಾಮೆರಾ, ಇನ್ನೊಂದಕ್ಕೆ ಇಂಟರ್ನೆಟ್ ಕೇಬಲ್ ಸುತ್ತಿದ್ದಾರೆ. ರಿಂಗ್ ರೋಡಿನಲ್ಲಿ ಮೆಟ್ರೋ ಕಂಬಗಳನ್ನು ದಿನಾ ನೋಡೋ ನಮಗೆ ಈ ಆರಡಿ ಕಂಬಗಳು ಕಣ್ಣಿಗೇ ಬೀಳಲ್ಲ.

ನಮ್ಮೂರಿನ ಹೆಸರಿರೋ ಹಣ್ಣು ನಮ್ಮೂರಿಂದ ಹೀಗೆ ದೂರ ಹೋಗಿದೆ. ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಕಪ್ಪು ನೀಲಿ ಬಣ್ಣ, ದಪ್ಪ ಸಿಪ್ಪೆ, ಒಳಗೆ ಬೀಜ. ಬೆರಳಲ್ಲಿ ಒತ್ತಿದರೆ ತಿರುಳು ಪುಳಕ್ಕನೆ ಬಾಯಿಗೆ ಜಾರುತ್ತೆ, ಸಿಪ್ಪೆ ಕೈಯಲ್ಲೇ ಉಳಿಯುತ್ತೆ. ಸೂಪರ್ ಮಾರ್ಕೆಟ್ಟಿನ ಬೀಜ ಇಲ್ಲದ ದ್ರಾಕ್ಷಿ ತಿಂದು ಬೆಳೆದವರಿಗೆ ಇದು ಸ್ವಲ್ಪ ಒರಟು ಅನ್ನಿಸಬಹುದು. ನನಗೆ ಮಾತ್ರ ದ್ರಾಕ್ಷಿ ಅಂದ್ರೆ ಇದೇ. ಈಗ ಇದು ಚಪ್ಪರದಲ್ಲಿ ನೇತಾಡೋದನ್ನ ನೋಡಬೇಕು ಅಂದ್ರೆ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಹೋಗಬೇಕು.

ನನಗೆ ಅಲ್ಲಿಗೆ ಹೋಗೋಕೆ ನೆಪ ಬೇಕಿಲ್ಲ. ನಂದಿ ಬೆಟ್ಟದ ಬುಡದಿಂದ ಸ್ವಲ್ಪ ಆಚೆ ನಮ್ಮ ದೊಡ್ಡಮ್ಮನ ಮನೆ. ಅವರ ಮಗ, ನಮ್ಮಣ್ಣ, ತೋಟ ನೋಡ್ಕೋತಾನೆ. 2024ರ ನವೆಂಬರ್ 27, ಬುಧವಾರ ಸಂಜೆ ಅವನ ಫೋನ್. "ಶುಕ್ರವಾರ ರಜಾ ಸಿಗುತ್ತೇನೋ? ತೂಫಾನು ಬರ್ತಾ ಇದೆ. ಕೈ ಸಾಲಲ್ಲ."

ಬಂಗಾಳ ಕೊಲ್ಲಿಯಲ್ಲಿ ಫೆಂಗಲ್ ಕಟ್ಟಿಕೊಳ್ತಾ ಇದ್ದ ದಿನಗಳು ಅವು. ನಮ್ಮ ಟೀಮ್ ಗ್ರೂಪಿನಲ್ಲಿ ಆಗಲೇ ಸೋಮವಾರದ ವರ್ಕ್ ಫ್ರಂ ಹೋಮ್ ಬಗ್ಗೆ ಚರ್ಚೆ, ಹೆಸರನ್ನು ಹೇಗೆ ಉಚ್ಚರಿಸಬೇಕು ಅನ್ನೋ ಜೋಕು. (ಆ ಹೆಸರು ಕೊಟ್ಟಿದ್ದು ಸೌದಿ ಅರೇಬಿಯಾ.) ಬೆಂಗಳೂರಿನವರಿಗೆ ಚಳಿಗಾಲದ ಸೈಕ್ಲೋನ್ ಅಂದ್ರೆ ಒಂಥರಾ ಖುಷಿ, ಅಲ್ವಾ? ಸಮುದ್ರ ಎಲ್ಲೋ ಇದೆ, ಗಾಳಿ ನಮ್ಮ ತನಕ ಬರಲ್ಲ, ಬರೋದು ಮೋಡ, ಜಿನುಗು ಮಳೆ, ಸ್ವೆಟರು, ಬಿಸಿ ಬಜ್ಜಿ. ಅದೇ ಮೋಡ ಅರವತ್ತೈದು ಕಿಲೋಮೀಟರ್ ಆಚೆ ಇನ್ನೊಂದು ಅರ್ಥ ಪಡೆಯುತ್ತೆ.

ಗುರುವಾರ ರಾತ್ರಿ ಕೆಲಸ ಮುಗಿಸಿ ಹೊರಟೆ. ದೊಡ್ಡನೆಕ್ಕುಂದಿಯಿಂದ ಹೆಬ್ಬಾಳದ ಮೇಲೆ ಹೋದರೆ ಟಿನ್ ಫ್ಯಾಕ್ಟರಿಯಲ್ಲೇ ಅರ್ಧ ಆಯಸ್ಸು ಮುಗಿಯುತ್ತೆ. ಕೆ.ಆರ್. ಪುರ ದಾಟಿ, ಬೂದಿಗೆರೆ ಕ್ರಾಸಿನಲ್ಲಿ ಎಡಕ್ಕೆ ತಿರುಗಿ, ಬೂದಿಗೆರೆ ಮೇಲೆ ದೇವನಹಳ್ಳಿ ಸೇರೋದು ವಾಸಿ. ಕ್ರಾಸಿನಿಂದ ಸ್ವಲ್ಪ ದೂರ ಅಪಾರ್ಟ್‌ಮೆಂಟುಗಳು, ಆಮೇಲೆ ಒಂದೊಂದೇ ಹೊಲ. ಹಗಲಲ್ಲಿ ಹೋದರೆ ರಸ್ತೆಯ ಪಕ್ಕದಲ್ಲೇ ಕಲ್ಲುಕಂಬದ ಸಾಲು, ಮೇಲೆ ತಂತಿ ಬಲೆ, ಅದರ ಮೇಲೆ ಹಸಿರು ಹೊದಿಕೆ ಕಾಣುತ್ತೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯೂ ಇದೇ ಸೀಮೆ. ಅಲ್ಲಿನ 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತಿದ್ದರು. 2025ರ ಜುಲೈ 15ರಂದು ಸರ್ಕಾರ ಅದನ್ನ ಕೈಬಿಟ್ಟಿತು. ನಾನು ಹೋದ ಆ ರಾತ್ರಿ ಧರಣಿ ಇನ್ನೂ ನಡೀತಾ ಇತ್ತು.

ಅಣ್ಣನ ತೋಟ ಮೂರು ತುಂಡು. ಮನೆ ಹಿಂದಿನ ದಿಣ್ಣೆಯಲ್ಲಿ ಒಂದು ಎಕರೆ ದಿಲ್‌ಖುಷ್. ಕೆರೆ ಕಡೆಯ ತಗ್ಗಿನಲ್ಲಿ ಮುಕ್ಕಾಲು ಎಕರೆ, ಅದೂ ದಿಲ್‌ಖುಷ್. ಬಾವಿ ಪಕ್ಕ ದೊಡ್ಡಪ್ಪನ ಕಾಲದ ಅರ್ಧ ಎಕರೆ ಬೆಂಗಳೂರು ಬ್ಲೂ. ದಿಲ್‌ಖುಷ್ ಅಂದ್ರೆ ಅನಾಬ್-ಎ-ಶಾಹಿ ತಳಿಯಿಂದ ಆರಿಸಿ ತೆಗೆದದ್ದು. ಉದ್ದನೆಯ ಹಸಿರು-ಹಳದಿ ಕಾಳು, ದೊಡ್ಡ ಗೊಂಚಲು, ಒಳ್ಳೆ ರೇಟು. ಆದರೆ ಬಹಳ ನಾಜೂಕು. ಬ್ಲೂ ಗಟ್ಟಿಗ. ಅದರ ರಕ್ತದಲ್ಲಿ ಅಮೆರಿಕದ ಕಾಡು ದ್ರಾಕ್ಷಿಯ ಅಂಶ ಇರೋದರಿಂದ ಮಳೆಗಾಲದ ರೋಗಗಳನ್ನ ಸುಮಾರಾಗಿ ತಡ್ಕೊಳ್ಳುತ್ತೆ. ರೇಟು ಮಾತ್ರ ಕಮ್ಮಿ. ಈ ಸೀಮೆಯ ರೈತರೆಲ್ಲ ದಿನಾ ಮಾಡೋ ಲೆಕ್ಕ ಇದೇ: ನಿದ್ದೆ ಬೇಕಾ, ದುಡ್ಡು ಬೇಕಾ?

ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕ್ತಾರೆ. ಬೇಸಿಗೆಯಲ್ಲಿ ಹಾಕೋದು ಕಡ್ಡಿ ಬಲಿಯೋಕೆ, ಅಕ್ಟೋಬರ್ ಸುಮಾರಿಗೆ ಹಾಕೋದು ಹಣ್ಣಿಗೆ. ಅಣ್ಣ ಎರಡೂ ದಿಲ್‌ಖುಷ್ ತೋಟಕ್ಕೆ ಅಕ್ಟೋಬರ್ ಮಧ್ಯದಲ್ಲಿ ಒಂದೇ ವಾರ ಪ್ರೂನಿಂಗ್ ಮಾಡಿಸಿದ್ದ, ಆಳುಗಳು ಒಟ್ಟಿಗೆ ಸಿಕ್ಕಿದ್ರು ಅಂತ. ಹಾಗಾಗಿ ನವೆಂಬರ್ ಕೊನೆಗೆ ನಲವತ್ತೈದು ದಿನ. ಹೂ ಉದುರಿ, ಕಾಳು ಸಾಸಿವೆಯಷ್ಟು ಗಾತ್ರಕ್ಕೆ ಬಂದಿತ್ತು. ಇಡೀ ಬೆಳೆಯಲ್ಲಿ ಇದಕ್ಕಿಂತ ಎಳೆಯ ಹೊತ್ತು ಇನ್ನೊಂದಿಲ್ಲ. ಅಷ್ಟು ಹೊತ್ತಿಗೆ ಅವನು ಎರಡು ಲಕ್ಷದ ಮೇಲೆ ಹಾಕಿದ್ದ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲ.

ರಾತ್ರಿ ಊಟಕ್ಕೆ ಮುದ್ದೆ, ಹಿತಕಿದ ಅವರೆಬೇಳೆ ಸಾರು. ಊಟದ ಮಧ್ಯೆ ನನ್ನ ಫೋನಿನಲ್ಲಿ ಸುತ್ತುತ್ತಿದ್ದ ಬಣ್ಣದ ಗಾಳಿ ಮ್ಯಾಪ್ ತೋರಿಸಿ, ಗಾಳಿ ಇಲ್ಲಿಗೆ ಬರೋ ಹಾಗೆ ಕಾಣಲ್ಲ ಅಂದೆ. ದೊಡ್ಡಪ್ಪ ಫೋನ್ ಕಡೆ ನೋಡಲೇ ಇಲ್ಲ.

"ಗಾಳಿಗೆ ಯಾರಪ್ಪ ಹೆದರ್ತಾರೆ? ಕಲ್ಲುಕಂಬ ಅದು, ನಿಂತ್ಕೊಳ್ಳುತ್ತೆ. ನಮ್ಮನ್ನ ತೆಗೆಯೋದು ಮುಸುರು."

ಮುಸುರು ಅಂದ್ರೆ ತೆಲುಗಿನಲ್ಲಿ ಬಿಡದೆ ಹಿಡಿಯೋ ಸೋನೆ ಮಳೆ. ಗಡಿ ಸೀಮೆಯಾದ್ದರಿಂದ ಅವರ ಕನ್ನಡದಲ್ಲಿ ತೆಲುಗು ಧಾರಾಳವಾಗಿ ಸೇರಿಕೊಂಡಿರುತ್ತೆ. ಅವರು ಹೇಳಿದ್ದರ ಹಿಂದೆ ಗಟ್ಟಿ ವಿಜ್ಞಾನ ಇದೆ. ದ್ರಾಕ್ಷಿಗೆ ಬರೋ ದೊಡ್ಡ ರೋಗಕ್ಕೆ ರೈತರು ಡೌನಿ ಅಂತಾರೆ, ಪುಸ್ತಕದಲ್ಲಿ ಬೂಜು ತುಪ್ಪಟ ರೋಗ. ಅದರ ಬೀಜಕಣಗಳು ಅಕ್ಷರಶಃ ಈಜ್ತವೆ. ಎಲೆಯ ಅಡಿಭಾಗದಲ್ಲಿ ತೆಳ್ಳಗೆ ನೀರಿನ ಪೊರೆ ಇದ್ದರೆ ಸಾಕು, ಈಜಿಕೊಂಡು ಹೋಗಿ ಎಲೆ ಉಸಿರಾಡೋ ರಂಧ್ರದೊಳಗೆ ಇಳೀತವೆ. ಒಂದು ಗಂಟೆ ಧೋ ಅಂತ ಸುರಿದು ಬಿಸಿಲು ಬಂದರೆ ಎಲೆ ಒಣಗುತ್ತೆ, ಅಪಾಯ ಕಮ್ಮಿ. ಮೂರು ದಿನ ಬಿಸಿಲೇ ಇಲ್ಲದೆ ಹನಿ ಹನಿ ಜಿನುಗಿದರೆ ಎಲೆ ಒಣಗೋದೇ ಇಲ್ಲ. ಒಟ್ಟು ಮಳೆ ಎಷ್ಟು ಮಿಲಿಮೀಟರ್ ಅಂತ ನನ್ನ ಆಪ್ ಹೇಳುತ್ತೆ. ಎಲೆ ಎಷ್ಟು ಗಂಟೆ ಒದ್ದೆ ಇರುತ್ತೆ ಅಂತ ಹೇಳಲ್ಲ. ಇಲ್ಲಿ ಬೇಕಿರೋದು ಅದೇ.

ಇನ್ನೊಂದು ಕಷ್ಟ ಇದೆ. ಎಲೆಯ ಮೇಲೆ ಕೂತು ಕಾಯೋ ಔಷಧಿಗಳು ರೋಗ ಬರೋಕೆ ಮುಂಚೆ ಅಲ್ಲಿರಬೇಕು, ಒಣಗಿ ಅಂಟಿಕೊಂಡಿರಬೇಕು. ಮಳೆ ಶುರುವಾದ ಮೇಲೆ ಹೊಡೆದರೆ ನೀರಿನ ಜೊತೆ ಇಳಿದು ಹೋಗುತ್ತೆ. ಜೊತೆಗೆ ನೆಲ ಕೆಸರಾದ ಮೇಲೆ ಟ್ರ್ಯಾಕ್ಟರ್ ಚಪ್ಪರದೊಳಗೆ ಹೋಗಲ್ಲ, ಚಕ್ರ ಹೂತು ಹೋಗುತ್ತೆ. ಅಂದ್ರೆ ತಯಾರಿ ಪೂರ್ತಿ ಬಿಸಿಲಿರುವಾಗಲೇ ಮುಗೀಬೇಕು, ಏನೂ ಆಗೇ ಇಲ್ಲ ಅನ್ನೋ ಹೊತ್ತಿನಲ್ಲಿ. ನಮ್ಮ ಕೈಲಿದ್ದದ್ದು ಶುಕ್ರವಾರ ಒಂದು ದಿನ, ಅದೃಷ್ಟ ಇದ್ದರೆ ಶನಿವಾರ ಬೆಳಗ್ಗೆ.

ಶುಕ್ರವಾರ ಐದೂವರೆಗೆ ಎಬ್ಬಿಸಿದರು. ಅಣ್ಣ ಮೊದಲು ಮಾಡಿದ ಕೆಲಸ ಡ್ರಿಪ್ ವಾಲ್ವ್ ಮುಚ್ಚಿದ್ದು. ಗೊಬ್ಬರದ ನೀರು ಬಿಡೋದನ್ನ ಎರಡು ದಿನ ಮುಂಚೆಯೇ ನಿಲ್ಲಿಸಿದ್ದನಂತೆ. ಯೂರಿಯಾ ಸಿಕ್ಕಿದರೆ ಬಳ್ಳಿ ಎಳೆ ಚಿಗುರು ಬಿಡುತ್ತೆ, ಎಳೆ ಚಿಗುರಿಗೇ ರೋಗ ಮೊದಲು ಹತ್ತೋದು. ಆಮೇಲೆ ಅವನು ವರುಣಮಿತ್ರಕ್ಕೆ ಫೋನ್ ಮಾಡಿ ಹೋಬಳಿ ಹೆಸರು ಹೇಳಿ ಮುನ್ಸೂಚನೆ ಕೇಳಿದ. ರಾಜ್ಯದ ವಿಪತ್ತು ನಿರ್ವಹಣಾ ಕೇಂದ್ರ ನಡೆಸೋ ಸಹಾಯವಾಣಿ ಇದು. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿರೋದರಿಂದ ನನ್ನ ಬಣ್ಣದ ಮ್ಯಾಪಿಗಿಂತ ಹತ್ತಿರದ ಮಾತು ಹೇಳ್ತಾರೆ. ಶನಿವಾರ ಮಧ್ಯಾಹ್ನದ ಮೇಲೆ ಹನಿ ಶುರು, ಆಮೇಲೆ ಎರಡು ಮೂರು ದಿನ ಅಂದರು.

ನನಗೂ ಇಬ್ಬರು ಆಳುಗಳಿಗೂ ಸಿಕ್ಕಿದ್ದು ಎಲೆ ತೆಗೆಯೋ ಕೆಲಸ. ಚಪ್ಪರದ ಕೆಳಗೆ ತಲೆ ಮೇಲೆತ್ತಿ ನಿಂತು, ಪ್ರತಿ ಗೊಂಚಲಿನ ಸುತ್ತ ಒತ್ತಾಗಿರೋ ಎಲೆ, ಅಡ್ಡ ಚಿಗುರು ಚಿವುಟಬೇಕು. ಗಾಳಿ ಆಡಿದರೆ ಬೇಗ ಒಣಗುತ್ತೆ, ಔಷಧಿಯೂ ಒಳಗೆ ಮುಟ್ಟುತ್ತೆ. ಜಾಸ್ತಿ ತೆಗೆದರೆ ಮುಂದೆ ಬಿಸಿಲಿಗೆ ಕಾಳು ಸುಡುತ್ತೆ. ಎಷ್ಟು ತೆಗೀಬೇಕು ಅಂತ ಕೇಳಿದ್ದಕ್ಕೆ ಪಕ್ಕದ ಸಾಲಿನಲ್ಲಿದ್ದ ಅಜ್ಜಿ, "ಕೆಳಗೆ ನಿಂತ್ರೆ ಮುಖದ ಮೇಲೆ ಚುಕ್ಕೆ ಚುಕ್ಕೆ ಬಿಸಿಲು ಬೀಳ್ಬೇಕು, ಅಷ್ಟೇ ಸಾಮಿ" ಅಂದರು. ಇಷ್ಟು ಸ್ಪಷ್ಟವಾದ ಸೂಚನೆಯನ್ನ ನಾನು ಎಂಟು ವರ್ಷದ ಕೆಲಸದಲ್ಲಿ ಯಾವ ಡಾಕ್ಯುಮೆಂಟಿನಲ್ಲೂ ಓದಿಲ್ಲ. ಹತ್ತು ಗಂಟೆಗೆ ಕುತ್ತಿಗೆ ಸೆಟೆದುಕೊಂಡಿತ್ತು.

ನಮ್ಮ ಹಿಂದೆಯೇ ಅಣ್ಣ ಟ್ರ್ಯಾಕ್ಟರಿಗೆ ಬ್ಲೋವರ್ ಕಟ್ಟಿಕೊಂಡು ಮ್ಯಾಂಕೋಜೆಬ್ ಹೊಡೀತಾ ಬಂದ. ಮಂಜಿನ ಹಾಗೆ ಮೇಲಕ್ಕೆ ಎದ್ದು ಎಲೆಯ ಅಡಿಗೆ ಅಂಟಬೇಕು. ಬಾಡಿಗೆ ಆಳು ಇಬ್ಬರು ಕೆಳಗಿನ ತೋಟದ ಅಂಚಿನಲ್ಲಿ ಸನಿಕೆ ಹಿಡಿದು ಬಸಿ ಕಾಲುವೆ ತೆಗೀತಿದ್ರು. ಅಲ್ಲೇ ತಕರಾರು. ಕೆಳಗಿನ ತೋಟದ ನೀರು ಪಕ್ಕದವರ ಜಮೀನಿನ ಬದು ದಾಟಿ ಕೆರೆ ಕಾಲುವೆಗೆ ಹೋಗಬೇಕು. ಪಕ್ಕದ ಜಮೀನು ಎರಡು ವರ್ಷದ ಹಿಂದೆ ಬೆಂಗಳೂರಿನ ಯಾರಿಗೋ ಮಾರಾಟವಾಗಿ ಕಾಂಪೌಂಡ್ ಎದ್ದಿದೆ. ಗೋಡೆಯ ಕೆಳಗೆ ನೀರು ಹೋಗೋ ತೂತು ಬಿಟ್ಟಿಲ್ಲ. ಗೇಟಿಗೆ ಬೀಗ, ಕಾವಲಿನವನಿಗೆ ಮಾಲೀಕರ ನಂಬರೇ ಗೊತ್ತಿಲ್ಲ. ಅಣ್ಣ ಒಂದರ್ಧ ಗಂಟೆ ಆ ಗೋಡೆಯನ್ನೇ ನೋಡ್ತಾ ನಿಂತಿದ್ದ. ಆಮೇಲೆ ಕಾಲುವೆಯನ್ನ ಗೋಡೆ ಉದ್ದಕ್ಕೂ ಸುತ್ತು ಹಾಕಿಸಿ ಹಳ್ಳಕ್ಕೆ ತಿರುಗಿಸೋಕೆ ಹೇಳಿದ. ಸಂಜೆಯ ತನಕ ಮುಕ್ಕಾಲು ಭಾಗ ಆಯಿತು.

ಬಾವಿ ಪಕ್ಕದ ಬ್ಲೂ ಮಾತ್ರ ದೊಡ್ಡಪ್ಪನ ರಾಜ್ಯ. ಅಲ್ಲಿ ಪ್ಯಾಕೆಟ್ ಔಷಧಿ ಇಲ್ಲ. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಐವತ್ತು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಇನ್ನೊಂದರಲ್ಲಿ ಐವತ್ತು ಲೀಟರಿಗೆ ಒಂದು ಕೆ.ಜಿ. ಸುಣ್ಣ, ಎರಡನ್ನೂ ಮೂರನೇ ಡ್ರಮ್ಮಿಗೆ ಒಟ್ಟಿಗೆ ಸುರೀತಾ ಕಲಕೋದು. ಆಕಾಶ ನೀಲಿಯ ಗಂಜಿ ತಯಾರಾಗುತ್ತೆ. ದೊಡ್ಡಪ್ಪ ಕುಡುಗೋಲನ್ನ ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆದು ನೋಡಿದರು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಎಲೆ ಸುಡುತ್ತೆ. ಹತ್ತಲಿಲ್ಲ.

ಈ ಬೋರ್ಡೋ ಮಿಶ್ರಣದ ಹಿಂದೆ ಒಂದು ಮಜಾ ಕಥೆ ಇದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದೀತಾರೆ ಅಂತ ರೈತರು ರಸ್ತೆ ಪಕ್ಕದ ಸಾಲುಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿ ಚಿಮುಕಿಸ್ತಿದ್ರಂತೆ, ನೋಡಿದರೆ ವಿಷ ಅನ್ನಿಸಲಿ ಅಂತ. 1880ರ ದಶಕದಲ್ಲಿ ಡೌನಿ ಬಂದು ತೋಟಗಳೆಲ್ಲ ಎಲೆ ಉದುರಿಸಿದಾಗ ರಸ್ತೆ ಪಕ್ಕದ ಸಾಲು ಮಾತ್ರ ಹಸಿರಾಗಿತ್ತು. ಮಿಲಾರ್ಡೆ ಅನ್ನೋ ಸಸ್ಯಶಾಸ್ತ್ರದ ಪ್ರೊಫೆಸರ್ ಅದನ್ನ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದ. ನಾನು ಇದನ್ನ ಹೇಳಿದಾಗ ದೊಡ್ಡಪ್ಪ ನಕ್ಕು, "ನಮ್ಮಲ್ಲಿ ಕಳ್ಳರು ಇದಕ್ಕೆಲ್ಲ ಹೆದರಲ್ಲ, ತೊಳ್ಕೊಂಡು ತಿಂತಾರೆ" ಅಂದರು.

ದೊಡ್ಡಮ್ಮನದು ಬೇರೆಯೇ ಓಟ. ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿತ್ತು, ಅಂದ್ರೆ ಕೊನೆಯ ಹಂತ, ತಿನ್ನೋದೇ ಕೆಲಸ. ಹುಳಕ್ಕೆ ಒದ್ದೆ ಸೊಪ್ಪು ಹಾಕೋ ಹಾಗಿಲ್ಲ, ರೋಗ ಬಂದು ಇಡೀ ತಟ್ಟೆ ಹೋಗುತ್ತೆ. ಹಾಗಾಗಿ ಅವರೂ ಅತ್ತಿಗೆಯೂ ಮಳೆಗೆ ಮುಂಚೆ ಹಿಪ್ಪುನೇರಳೆ ಕೊಯ್ದು, ಒದ್ದೆ ಗೋಣಿ ಹೊದಿಸಿ ಕತ್ತಲೆ ಕೋಣೆ ತುಂಬಿಸ್ತಿದ್ರು. ದ್ರಾಕ್ಷಿ ಕೈ ಕೊಟ್ಟರೂ ಶಿಡ್ಲಘಟ್ಟ ಮಾರ್ಕೆಟ್ಟಿಗೆ ಗೂಡು ಹೋದರೆ ತಿಂಗಳ ಖರ್ಚು ನಡೆಯುತ್ತೆ. ಕರೆಂಟ್ ಹೋಗೋ ಮುಂಚೆ ಸಂಪು ತುಂಬಿಸಿದ್ದು, ಹಸುಗಳಿಗೆ ಒಣ ಮೇವು ಒಳಗೆ ಹಾಕಿದ್ದು, ಸೌದೆ ಮುಚ್ಚಿದ್ದು, ಎಲ್ಲ ಅತ್ತಿಗೆ. ಯಾರೂ ಅವರಿಗೆ ಹೇಳಲೂ ಇಲ್ಲ, ಕೇಳಲೂ ಇಲ್ಲ.

ರಾತ್ರಿ ಅಪ್ಪ ಮಗನ ನಡುವೆ ಮಾತು ಬೆಳೀತು. ಮೇಲಿನ ತೋಟ ಪೂರ್ತಿ ಆಗಿತ್ತು. ಕೆಳಗಿನದರಲ್ಲಿ ಅರ್ಧ ಎಲೆ ತೆಗೆಯೋದು ಬಾಕಿ, ಕಾಲುವೆ ಬಾಕಿ. ಶನಿವಾರ ಬೆಳಗ್ಗೆಗೆ ಸಿಕ್ಕೋದು ನಾಲ್ಕೇ ಜನ. ದೊಡ್ಡಪ್ಪನ ಮಾತು: ಕೆಳಗಿನದು ಬಿಡು, ಮೇಲಿನ ತೋಟಕ್ಕೆ ಒಳಗಿಂದ ಕೆಲಸ ಮಾಡೋ ದುಬಾರಿ ಔಷಧಿ ಇನ್ನೊಂದು ಸುತ್ತು ಕೊಡು, ಇರೋದನ್ನ ಗಟ್ಟಿ ಮಾಡ್ಕೋ. ಅಣ್ಣನಿಗೆ ಅದು ಸೇರಲಿಲ್ಲ.

"ಅದನ್ನೂ ಬಿಟ್ರೆ ಸೊಸೈಟಿಗೆ ಏನ್ ಕಟ್ಲಿ? ಆ ಕಾಂಪೌಂಡಿನವರು ಇದನ್ನೂ ಕೇಳ್ತಾ ಇದಾರೆ ಗೊತ್ತಾ ನಿಂಗೆ?"

ದೊಡ್ಡಪ್ಪ ಉತ್ತರ ಕೊಡಲಿಲ್ಲ. ಆ ಮುಕ್ಕಾಲು ಎಕರೆಗೆ ಬ್ರೋಕರ್ ಎರಡು ಸಲ ಬಂದು ಹೋಗಿದ್ದ ಅನ್ನೋದು ನನಗೂ ಅವತ್ತೇ ಗೊತ್ತಾಗಿದ್ದು. ಒಂದು ಸೈಕ್ಲೋನಿನಲ್ಲಿ ಜಮೀನು ಹೋಗಲ್ಲ. ಆದರೆ ಮೂರು ಚಳಿಗಾಲ ಹೀಗೆ ಕೆಟ್ಟರೆ ಬ್ರೋಕರ್ ಮೂರನೇ ಸಲ ಬಂದಾಗ ಕಾಫಿ ಕೊಟ್ಟು ಕೂರಿಸ್ತಾರೆ. ಎರಡು ವರ್ಷ ಹಿಂದೆ, 2022ರ ಡಿಸೆಂಬರಿನಲ್ಲಿ ಮಾಂಡೌಸ್ ಮಹಾಬಲಿಪುರದ ಹತ್ತಿರ ದಡ ಮುಟ್ಟಿದಾಗಲೂ ಇಲ್ಲಿ ಸೋನೆ ಹಿಡಿದು ಬೆಳೆ ಅರ್ಧಕ್ಕೆ ಇಳಿದಿತ್ತಂತೆ.

ಕೊನೆಗೆ ಅಣ್ಣನೇ ಮಧ್ಯದ ದಾರಿ ಹಿಡಿದ. ಶನಿವಾರ ಬೆಳಗ್ಗೆ ಆರಕ್ಕೇ ಕೆಳಗಿನ ತೋಟಕ್ಕೆ ಇಳಿದು, ಎಲೆ ತೆಗೆಯೋದು ಬಿಟ್ಟು ಔಷಧಿ ಮಾತ್ರ ಹೊಡೆದು, ಎಲ್ಲ ಕೈಗಳನ್ನ ಕಾಲುವೆಗೆ ಹಾಕೋದು. ಹನ್ನೊಂದಕ್ಕೆ ಔಷಧಿ ಮುಗೀತು. ಕಾಲುವೆ ಹಳ್ಳ ಮುಟ್ಟಿದಾಗ ಎರಡೂವರೆ. ಮೂರೂಕಾಲಿಗೆ ಮೊದಲ ಹನಿ ನನ್ನ ಕೈ ಮೇಲೆ ಬಿತ್ತು. ಔಷಧಿ ಒಣಗೋಕೆ ನಾಲ್ಕು ಗಂಟೆ ಸಿಕ್ಕಿತ್ತು.

ಆ ರಾತ್ರಿ ಫೆಂಗಲ್ ಪುದುಚೇರಿ ಹತ್ತಿರ ದಡ ಮುಟ್ಟಿ ಅಲ್ಲೇ ಗಂಟೆಗಟ್ಟಲೆ ನಿಂತುಬಿಟ್ಟಿತು. ಪುದುಚೇರಿಯಲ್ಲಿ ಒಂದೇ ದಿನಕ್ಕೆ 48 ಸೆಂಟಿಮೀಟರ್ ಮಳೆ. ಆಮೇಲೆ ಒಳನಾಡಿಗೆ ಸರಿದು ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ 50 ಸೆಂಟಿಮೀಟರ್ ಸುರಿಸಿತು. ಅಲ್ಲಿ ಜನರ ಮನೆ, ವಾಹನಗಳೇ ಕೊಚ್ಚಿ ಹೋದವು, ಅದರ ಮುಂದೆ ನಮ್ಮದು ಏನೂ ಅಲ್ಲ. ನಮ್ಮಲ್ಲಿ ಸದ್ದೇ ಇರಲಿಲ್ಲ. ಭಾನುವಾರ ಬೆಳಗ್ಗೆ ನಂದಿ ಬೆಟ್ಟ ಕಾಣೆಯಾಗಿತ್ತು. ಹೊಗೆಯಂಥ ಹನಿ, ಶೀತ, ಎಲ್ಲರ ಮೇಲೂ ಗೋಣಿ ಕೊಪ್ಪೆ. ಚಪ್ಪರದ ಕೆಳಗೆ ಹೋಗಿ ನಿಂತರೆ ಎಲೆಯಿಂದ ಎಲೆಗೆ ನೀರು ಇಳಿಯೋ ಟಿಪ್ ಟಿಪ್ ಬಿಟ್ಟರೆ ಬೇರೆ ಶಬ್ದ ಇಲ್ಲ. ಇನ್‌ಸ್ಟಾಗ್ರಾಮಿಗೆ ಹಾಕಿದರೆ ಸಾವಿರ ಲೈಕ್ ಬರೋ ಜಾಗ. ಅಣ್ಣ ಟಾರ್ಚ್ ಹಿಡಿದು ಒಂದೊಂದೇ ಎಲೆ ತಿರುವಿ ಅಡಿಭಾಗ ನೋಡ್ತಿದ್ದ. ಮೇಲೆ ಎಣ್ಣೆ ಬಿದ್ದ ಹಾಗೆ ಹಳದಿ ಕಲೆ, ಕೆಳಗೆ ಬಿಳಿ ಬೂಜು, ಇವು ಕಂಡರೆ ಕೆಲಸ ಕೆಟ್ಟಿತು ಅಂತ ಅರ್ಥ. ಆದರೆ ಅದು ಹತ್ತಿದ ದಿನವೇ ಕಾಣಲ್ಲ, ಐದಾರು ದಿನ ಬೇಕು. ಇದು ಅವನಿಗೂ ಗೊತ್ತು. ಆದರೂ ನೋಡ್ತಿದ್ದ.

ಸೋಮವಾರ ಮಳೆಯಲ್ಲೇ ವಾಪಸ್ ಬಂದೆ. ಗುರುವಾರ ರಾತ್ರಿ ಅಣ್ಣನ ಮೆಸೇಜು, ಜೊತೆಗೆ ಎರಡು ಫೋಟೋ. ಮೇಲಿನ ತೋಟದಲ್ಲಿ ಅಲ್ಲೊಂದು ಇಲ್ಲೊಂದು ಕಲೆ, ತಡೀಬಹುದು. ಕೆಳಗಿನದರಲ್ಲಿ ನಾವು ಎಲೆ ತೆಗೆದಿದ್ದ ಅರ್ಧ ಸುಮಾರಾಗಿತ್ತು, ತೆಗೆಯದ ಅರ್ಧದಲ್ಲಿ ಗೊಂಚಲುಗಳೇ ಬಿಳಿ ಬೂಜು ಹಿಡಿದು ಬಾಗಿದ್ದವು. ಕಾಲುವೆಯಲ್ಲಿ ನೀರು ಮಾತ್ರ ಚೆನ್ನಾಗಿ ಹರೀತಿತ್ತು. ಬ್ಲೂಗೆ ಏನೂ ಆಗಿರಲಿಲ್ಲ. ದೊಡ್ಡಪ್ಪ ಆ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ಅದೇ ಅಣ್ಣನಿಗೆ ಜಾಸ್ತಿ ಚುಚ್ಚಿದ್ದು.

ಇಟಲಿಯ ದಕ್ಷಿಣದಲ್ಲಿ, ಪುಲಿಯಾ ಕಡೆ, ತಿನ್ನೋ ದ್ರಾಕ್ಷಿಯ ಚಪ್ಪರದ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕ್ತಾರೆ. ಎಲೆ ಒದ್ದೆಯಾಗೋದೇ ಇಲ್ಲ, ಔಷಧಿ ಖರ್ಚೂ ಇಳಿಯುತ್ತೆ. ಮುಕ್ಕಾಲು ಎಕರೆಗೆ ಹಾಕಿಸೋಕೆ ಎಷ್ಟಾಗುತ್ತೆ ಅಂತ ಅಣ್ಣನೂ ನಾನೂ ಒಂದು ಸಂಜೆ ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಹಾಕಿ ನೋಡಿದ್ವಿ. ಇನ್ನೊಂದು ಸಾಲ ಇಲ್ಲದೆ ಆಗಲ್ಲ. ಹವಾಮಾನ ಆಧಾರಿತ ವಿಮೆಯಲ್ಲಿ ಮಳೆಮಾಪಕ ತೋರಿಸೋ ಅಂಕಿ ಮುಖ್ಯ, ನಮ್ಮ ಸೋನೆಯ ಅಂಕಿ ದೊಡ್ಡದೇನೂ ಆಗಿರಲಿಲ್ಲ.

ಮಾರ್ಚಿನಲ್ಲಿ ಕಟಾವಾಯಿತು. ಮೇಲಿನ ತೋಟದ ದುಡ್ಡಿನಲ್ಲಿ ಸೊಸೈಟಿ ಕಂತು ಕಟ್ಟಿದರು. ಬ್ಲೂ ಹಣ್ಣನ್ನ ದೊಡ್ಡಪ್ಪ ಒಂದು ಟ್ರೇ ಪ್ರತ್ಯೇಕವಾಗಿ ಕಳಿಸಿದ್ದರು. ಅರ್ಧವನ್ನ ಮಾಲೀಕರ ಮನೆಗೆ ಕೊಟ್ಟೆ. ಅವರು ಒಂದು ಕಾಳು ಒತ್ತಿ ಬಾಯಿಗೆ ಹಾಕಿಕೊಂಡು, ಸಿಪ್ಪೆಯನ್ನ ಅಂಗೈಯಲ್ಲಿ ಇಟ್ಟುಕೊಂಡೇ ಬಹಳ ಹೊತ್ತು ಮಾತಾಡಿದರು.

ಕೆಳಗಿನ ತೋಟ ಮಾರಲಿಲ್ಲ. ಹಾಳಾದ ಅರ್ಧದ ದಿಲ್‌ಖುಷ್ ಬಳ್ಳಿಗಳನ್ನ ಬೇಸಿಗೆಯಲ್ಲಿ ಕಿತ್ತು ಅಲ್ಲಿ ಬ್ಲೂ ಕಡ್ಡಿ ನೆಟ್ಟಿದ್ದಾರೆ, ಅವು ಚಪ್ಪರ ಏರೋಕೆ ಇನ್ನೂ ಟೈಮ್ ಬೇಕು. ಉಳಿದ ದಿಲ್‌ಖುಷ್‌ಗೆ ಒಂದೇ ವಾರ ಕತ್ತರಿ ಹಾಕೋದನ್ನ ಅಣ್ಣ ಬಿಟ್ಟಿದ್ದಾನೆ. ಮೇಲಿನ ತೋಟಕ್ಕೆ ಅಕ್ಟೋಬರ್ ಮೊದಲ ವಾರ, ಕೆಳಗಿನದಕ್ಕೆ ಒಂದು ತಿಂಗಳು ತಡ. ಎರಡೂ ಒಟ್ಟಿಗೆ ಹೂವಿಗೆ ಬರಬಾರದು ಅಂತ. ಆಳುಗಳನ್ನ ಎರಡು ಸಲ ಕರೆಸೋ ಖರ್ಚು ಮೇಲೆ ಬೀಳುತ್ತೆ. ಕಾಂಪೌಂಡಿನ ಗೋಡೆಗೆ ತೂತು ಹೊಡೆಸೋ ಮಾತು ಇನ್ನೂ ನಡೀತಾ ಇದೆ.